ಬುತ್ತಿ ಬಾರದ ಮಧ್ಯಾಹ್ನ

ಅವತ್ತು ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ನಾಲ್ಕು ಮಂದಿ ಇದ್ದೆವು. ನಾನು ಕಂಬಕ್ಕೆ ಬೆನ್ನು ಹಚ್ಚಿ ತೊಗರಿಬೇಳೆ ಆರಿಸುತ್ತಿದ್ದೆ. ಮಗ ಅಂಗಡಿ ತೆಗೆಯುವ ಮುಂಚೆ ಚಹಾ ಕುಡಿಯುತ್ತಿದ್ದ. ಅಂಗಡಿ ಅಂದರೆ ದೂರವೇನಲ್ಲ, ಮನೆಯ ಮುಂದಿನ ಖೋಲಿಯೇ. ಹಗ್ಗ, ಬೀಜ, ಪಂಪಿನ ಸಾಮಾನು ಮಾರುವುದು. ಸೊಸೆ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಮೆಂತೆಪಲ್ಯ ಸೋಸುತ್ತಿದ್ದಳು. ಎಂಟನೇ ಇಯತ್ತೆ ಓದುವ ಮೊಮ್ಮಗಳು ಹೊರಸಿನ ಮೇಲೆ ಬೋರಲು ಬಿದ್ದಿದ್ದಳು. ನಾಲ್ಕು ಮಂದಿ ಇದ್ದೂ ಮನೆಯಲ್ಲಿ ಮಾತು ಅನ್ನುವುದು ಇರಲಿಲ್ಲ. ಮಗನ ಎಡಗೈಯಲ್ಲಿ ಚಹಾದ ಬಶಿ, ಬಲಗೈಯಲ್ಲಿ ಫೋನು. ಸೊಸೆಯ ತೊಡೆಯ ಮೇಲೆ ಪಲ್ಯ, ಪಲ್ಯದ ಮೇಲೆ ಫೋನು. ಮೊಮ್ಮಗಳ ಕೈಯಲ್ಲಿ ನನ್ನ ಫೋನು. ನಾನೊಬ್ಬಳೇ ಬೇಳೆಯ ಸಂಗಡ ಮಾತಾಡಿಕೊಂಡು ಕೂತಿದ್ದೆ.

ಆಗ ಮೊಮ್ಮಗಳು ತಲೆ ಎತ್ತದೇ ಹೇಳಿದಳು.

“ಆಯಿ, ಎದುರುಮನಿ ಅಜ್ಜ ತೀರಿಕೊಂಡರಂತ. ಗ್ರೂಪಿನ್ಯಾಗ ಬಂದೈತಿ.”

ಹೇಳಿದ ರೀತಿ ಹೇಗಿತ್ತು ಅಂದರೆ, ಹಾಲಿನವ ಬಂದ ಅಂತ ಹೇಳಿದ ಹಾಗೆ. ನಾನು ಮೊರ ಕೆಳಗಿಟ್ಟು ಎದ್ದೆ. ಆಕೆ ಫೋನನ್ನು ನನ್ನ ಕಡೆ ತಿರುಗಿಸಿದಳು. ಅಜ್ಜನ ಫೋಟೋ, ಸುತ್ತಲೂ ಹೂವಿನ ಅಂಚು, ಕೆಳಗೆ, ಗಡಿಯ ಊರಲ್ಲವೇ, ಮರಾಠಿಯಲ್ಲಿ ಭಾವಪೂರ್ಣ ಶ್ರದ್ಧಾಂಜಲಿ. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲು ಹಿಡಿದು ನಿಂತಿದ್ದವು. ಅದರಲ್ಲಿ ಒಂದು ಕೈ ನನ್ನದೂ ಆಗಿತ್ತು; ನನಗೆ ಸುದ್ದಿ ತಿಳಿಯುವ ಮೊದಲೇ ನನ್ನ ಹೆಸರಿನಲ್ಲಿ ಮೊಮ್ಮಗಳು ಮುಗಿದಿದ್ದಳು. ಇದೆಲ್ಲ ಆದ ಮೇಲೆ ಎದುರುಮನೆಯಿಂದ ಅಳು ಕೇಳಿಸಿತು. ನಮ್ಮ ಓಣಿ ಎಷ್ಟು ಅಗಲ ಅಂದರೆ, ಒಂದು ಟ್ರ್ಯಾಕ್ಟರ್ ಹಾಯ್ದರೆ ನಾವು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಅಷ್ಟು ದೂರದ ಸಾವಿನ ಸುದ್ದಿ ಮುಗಿಲ ಮೇಲೆ ಹೋಗಿ, ಅಲ್ಲಿಂದ ಇಳಿದು, ನಮ್ಮ ಹೊರಸಿಗೆ ಬಂದಿತ್ತು.

ಹೋದವರ ಹೆಂಡತಿ ನನ್ನ ಗೆಳತಿ. ಆಕೆ ಮಾಡಗ್ಯಾಳದ ಕಡೆಯವಳು, ನಾನು ದರಿಬಡಚಿಯವಳು. ಒಂದೇ ಬೇಸಿಗೆಯಲ್ಲಿ ಈ ಓಣಿಗೆ ಸೊಸೆಯಂದಿರಾಗಿ ಬಂದೆವು, ಎದುರುಬದುರು ಬಾಗಿಲಿಗೆ. ಅತ್ತೆಯಂದಿರು ಮಲಗಿದಾಗ ಬಾಗಿಲ ಸಂದಿಯಿಂದ ಕೈಸನ್ನೆ ಮಾಡಿ ಮಾತಾಡಿದ್ದು, ಒಬ್ಬರ ಹೆರಿಗೆಗೆ ಒಬ್ಬರು ಬಿಸಿನೀರು ಕಾಸಿದ್ದು, ಎಲ್ಲ ಕೂಡಿಯೇ. ಆದರೆ ನಾನು ಹೇಳಬೇಕಾದದ್ದು ಬೇರೆ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ಸಾವಾದ ಮನೆಯಲ್ಲಿ ಮೂರನೆಯ ದಿನದ ಪೂಜೆ ಮುಗಿಯುವ ತನಕ ಒಲೆ ಹಚ್ಚುವುದಿಲ್ಲ. ಓಣಿಯವರು ಪಾಳಿಯ ಪ್ರಕಾರ ಬುತ್ತಿ ಒಯ್ಯುತ್ತಾರೆ. ಜೋಳದ ರೊಟ್ಟಿ, ಝುಣಕ, ಅನ್ನ, ಸಾರು. ಒಯ್ದವರು ‘ಉಣ್ರಿ’ ಅಂತ ಉಪಚಾರ ಮಾಡುವುದಿಲ್ಲ, ಆ ಮನೆಯವರು ‘ಯಾಕ ತಂದ್ರಿ’ ಅನ್ನುವುದಿಲ್ಲ. ಗಂಟು ಬಿಚ್ಚಿ, ತಾವೇ ಬಡಿಸಿ, ಬುಟ್ಟಿ ಎತ್ತಿಕೊಂಡು ಸುಮ್ಮನೆ ಬರುವುದು. ನಮ್ಮ ಯಜಮಾನರು ತೀರಿಕೊಂಡಾಗ ನನಗೆ ಬಾಯಿ ತೆರೆಯಲು ಆಗಲಿಲ್ಲ. ಎಷ್ಟೋ ಮಂದಿ ಬಂದರು, ಎಷ್ಟೋ ಹೇಳಿದರು. ಈ ಗೆಳತಿ ರೊಟ್ಟಿ ಮುರಿದು ಹಾಲಿನಲ್ಲಿ ನಾದಿ, ತುತ್ತು ಮಾಡಿ ನನ್ನ ಬಾಯಿಯ ಮುಂದೆ ಹಿಡಿದು ಕೂತಳು. ಎಷ್ಟು ಹೊತ್ತು ಕೂತಳೋ. ಕಡೆಗೆ, “ಕೈ ಸೋತೈತಿ, ಬಾಯಿ ತೆಗಿ” ಅಂದಳು. ಸಮಾಧಾನದ ಮಾತು ಅಂತ ಆಕೆ ಆಡಿದ್ದು ಅದೊಂದೇ. ನಾನು ಬಾಯಿ ತೆಗೆದೆ. ಈಗ ಆಕೆಯ ಮನೆಯಲ್ಲಿ ಒಲೆ ಆರಿತ್ತು. ನನಗೆ ಬೇಕಾದದ್ದು ಇಷ್ಟೇ: ನಮ್ಮ ಮನೆಯ ಅನ್ನ ಆಕೆಯ ಹೊಟ್ಟೆಗೆ ಹೋಗಬೇಕು, ಹೊತ್ತಿಗೆ ಸರಿಯಾಗಿ, ಬಿಸಿಬಿಸಿಯಾಗಿ.

ಇದಕ್ಕೆ ಅಡ್ಡ ಬಂದದ್ದು ಫೋನು. ಫೋನು ಅಂತ ಅದರ ಮೇಲೆ ಹಾಕುವುದೂ ಸರಿಯಲ್ಲ. ಅದು ಪಾಪ, ಕಿವಿ ಹಿಂಡಿದರೆ ಮುಚ್ಚಿಕೊಳ್ಳುತ್ತದೆ. ಅದನ್ನು ಹಿಡಿದವರು ಮುಚ್ಚಿಕೊಳ್ಳುವುದಿಲ್ಲ.

ನನಗೆ ಮಾತು ಕಲಿಸಿದವಳು ನನ್ನ ಅಪ್ಪನ ತಾಯಿ. ಆಕೆ ನನ್ನನ್ನು ಆ ಮನೆಗೆ ಈ ಮನೆಗೆ ಸುದ್ದಿ ಕೊಟ್ಟು ಕಳಿಸುತ್ತಿದ್ದಳು. ಹೋದ ಕೂಡಲೇ ಸುದ್ದಿ ಕಕ್ಕಿ ಬರುವ ಹಾಗಿಲ್ಲ. ಕುಂದರಬೇಕು, ಕೊಟ್ಟ ನೀರು ಕುಡಿಯಬೇಕು, ಅವರ ಎಮ್ಮೆ ಈದಿತೇ ಕೇಳಬೇಕು, ಆಮೇಲೆ ಬಂದ ಕೆಲಸ ಹೇಳಬೇಕು. ತಿರುಗಿ ಬಂದಾಗ ಆಕೆಗೆ ಬರೀ ಉತ್ತರ ಸಾಲುತ್ತಿರಲಿಲ್ಲ. ‘ಆತು ಅಂದ್ರು’ ಅಂತ ನಾನು ಹೇಳಿದರೆ, ಆತು ಅನ್ನುವಾಗ ಮುಖ ಹ್ಯಾಂಗಿತ್ತು, ಎದ್ದು ನಿಂತು ಅಂದರೋ ಕೂತು ಅಂದರೋ, ಮನೆಯ ಒಳಗಿನವರಿಗೆ ಕೇಳುವಂತೆ ಅಂದರೋ ಮೆಲ್ಲಗೆ ಅಂದರೋ, ಎಲ್ಲ ಕೇಳುವಳು. ನಾನು ಸಣ್ಣವಳಿದ್ದಾಗಲೇ ಒಂದು ‘ಆತು’ದಲ್ಲಿ ಎಷ್ಟು ನಮೂನೆ ಇರುತ್ತವೆ ಅಂತ ಕಲಿತೆ. ನನ್ನ ಮೊಮ್ಮಗಳಿಗೆ ಗೊತ್ತಿರುವುದು ಒಂದೇ ನಮೂನೆ, ಅದು ಓಕೆ.

ಆಕೆಗೆ ಸ್ವಂತ ಫೋನು ಇಲ್ಲ. ಹತ್ತನೇ ಇಯತ್ತೆ ಮುಗಿಯುವ ತನಕ ಕೊಡಿಸುವುದಿಲ್ಲ ಅಂತ ಆಕೆಯ ಅಪ್ಪ ಹುಕುಂ ಮಾಡಿದ್ದಾನೆ, ಮತ್ತು ತಾನು ಹುಕುಂ ಮಾಡಿದ್ದೇನೆ ಅಂತ ನಂಬಿದ್ದಾನೆ. ಸೋಲಾಪುರದ ನನ್ನ ತಂಗಿಯ ಮುಖ ನೋಡಿ ಮಾತಾಡಲಿ ಅಂತ ಅವನೇ ನನಗೆ ಕೊಡಿಸಿದ ಫೋನು, ಬಂದ ವಾರದಿಂದಲೇ ಆಕೆಯ ಕೈಯಲ್ಲಿ. ನನಗೆ ಬಂದದ್ದನ್ನು ಓದುವವಳು ಆಕೆ, ನನ್ನ ಪರವಾಗಿ ಉತ್ತರ ಕೊಡುವವಳೂ ಆಕೆ. ನಾನು ಯಾರ ಯಾರ ಹುಟ್ಟುಹಬ್ಬಕ್ಕೆ ಕುಣಿಯುವ ಬೆಕ್ಕು ಕಳಿಸಿದ್ದೇನೋ ದೇವರಿಗೇ ಗೊತ್ತು. ನನ್ನ ಅಣ್ಣ ಬಾವಿಕಟ್ಟೆಯ ಮೇಲೆ ಜಾರಿ ಕಾಲು ಮುರಿದುಕೊಂಡಾಗ ನಾನು ಹೆಬ್ಬೆರಳು ಎತ್ತಿ ತೋರಿಸಿದ್ದೆನಂತೆ. ಅವನು ಆರು ತಿಂಗಳ ಮೇಲೆ ಮದುವೆ ಮನೆಯೊಂದರಲ್ಲಿ ಸಿಕ್ಕು, ತಂಗಿಗೆ ಭಾಳ ಖುಷಿ ಆಗಿತ್ತು ಕಾಣತೈತಿ ಅಂತ ಎಲ್ಲರ ಎದುರು ಅಂದ.

ಮನೆಯೊಳಗಿನ ಮಾತೂ ಹಾಗೆಯೇ ಆಗಿದೆ. ಸೊಸೆ ಒಲೆಯ ಮುಂದೆ ನಿಂತು ಮಗಳಿಗೆ ಊಟಕ್ಕೆ ಬಾ ಅಂತ ಮೆಸೇಜು ಹಾಕುತ್ತಾಳೆ. ನಡುವೆ ಇರುವುದು ಒಂದು ಬಾಗಿಲು, ಆ ಬಾಗಿಲಿಗೆ ಕದವೂ ಇಲ್ಲ. ಮಗಳು ಐದು ಮಿಂಟು ಅಂತ ತಿರುಗಿ ಹಾಕುತ್ತಾಳೆ. ಸಾರು ಆರುತ್ತದೆ, ಇಬ್ಬರ ಬೆರಳೂ ಆರುವುದಿಲ್ಲ. ಯಾಕವ್ವಾ, ಬಾಯಿಗೆ ಏನಾಗಿದೆ ಅಂತ ನಾನು ಸೊಸೆಯನ್ನು ಕೇಳಿದ್ದೆ. ಕೂಗಿದರೆ ಆಕೆಗೆ ಕೇಳಿಸುವುದಿಲ್ಲ ಅತ್ತಿ, ಮೆಸೇಜು ಮಾತ್ರ ಕಾಣುತ್ತದೆ ಅಂತ ಹೇಳಿದಳು. ಅದು ಸುಳ್ಳೇನಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಈಗ ಬುತ್ತಿಯ ವಿಷಯ. ಮಣ್ಣಿಗೆ ಹೋಗಿ ಬಂದ ದಿನ ಸಂಜೆ ಓಣಿಯ ಹೆಂಗಸರು ಕಟ್ಟೆಯ ಹತ್ತಿರ ನಿಂತು ಪಾಳಿ ಹಂಚಿಕೊಂಡೆವು. ಮೂಲೆಮನೆಯವಳು ನಮ್ಮ ಬಚತ್ ಗಟದ, ಅಂದರೆ ಹೆಂಗಸರ ಉಳಿತಾಯ ಸಂಘದ, ಮುಖ್ಯಸ್ಥೆ, ಲೆಕ್ಕಾಚಾರದ ಹೆಂಗಸು. ಅವತ್ತಿನ ರಾತ್ರಿಯದು ತನ್ನದು ಅಂದಳು, ಮರುದಿನದ್ದು ಹಿತ್ತಲಮನೆಯವರದು, ಮೂರನೆಯ ದಿನದ್ದು ನಮ್ಮದು ಅಂತಾಯಿತು. ಕಡೆಯ ದಿನ ನನಗೆ ಬೇಕು ಅಂತ ನಾನೇ ಕೇಳಿ ಪಡೆದದ್ದು. ಪೂಜೆಯ ದಿನ ಮಂದಿ ಹೆಚ್ಚು, ಕೈ ಬಿಚ್ಚಿ ಮಾಡಬೇಕು. ಬಾಯಿಮಾತಿನಲ್ಲಿ ಎಲ್ಲ ಸರಿಯಾಗಿ ಕೂತಿತ್ತು.

ಅವತ್ತು ರಾತ್ರಿ ಹಿತ್ತಲಮನೆಯವರ ಮಗುವಿಗೆ ಜ್ವರ ಬಂದು ಅವರು ಬೆಳಕು ಹರಿಯುವುದರೊಳಗೆ ಜತ್‌ಗೆ ದವಾಖಾನೆಗೆ ಹೊರಡುವುದಾಯಿತು. ಮೂಲೆಮನೆಯವಳು ನನಗೆ ಮೆಸೇಜು ಹಾಕಿದಳು, ಆಕೆ ನನ್ನನ್ನು ಚಿಕ್ಕಮ್ಮ ಅನ್ನುವ ಹಾಗೆ ಕಾಕು ಅಂತ ಕರೆಯುವುದು: ನಾಳೆಯದು ನಿಮ್ಮ ಮನೆಯಿಂದ ಆಗಲಿ ಕಾಕು, ಅವರು ನಾಡಿದ್ದಿನದು ಮಾಡುತ್ತಾರೆ. ನನ್ನ ಫೋನು ಯಾರ ಕೈಯಲ್ಲಿತ್ತು ಅಂತ ಮತ್ತೆ ಹೇಳಬೇಕಾಗಿಲ್ಲ. ಮೊಮ್ಮಗಳು ಓದಿದಳು. ಓಕೆ ಅಂತ ಹಾಕಿದಳು. ತನ್ನ ಗೆಳತಿಯರ ಗುಂಪಿಗೆ ವಾಪಸ್ಸು ಹೋದಳು. ಮೂಲೆಮನೆಯವಳು, ಕಾಕು ಒಪ್ಪಿಕೊಂಡರು ಅಂತ ನಿಶ್ಚಿಂತೆಯಿಂದ ಮಲಗಿದಳು.

ಮರುದಿನ ನಾನು ಮನೆಗೆಲಸ ಮುಗಿಸಿ, ಬಿಸಿಲು ಏರಿದ ಮೇಲೆ ಗೆಳತಿಯ ಮನೆಗೆ ಹೋದೆ. ಮಾಡಗ್ಯಾಳದಿಂದ ಆಕೆಯ ತಮ್ಮಂದಿರು ಬಂದಿದ್ದರು, ವಿಜಯಪುರದಿಂದ ಗಂಡನ ಕಡೆಯವರು ಬಂದಿದ್ದರು. ಗಂಡಸರು ಹೊರಗೆ ಕಟ್ಟೆಯ ಮೇಲೆ, ಹೆಂಗಸರು ಒಳಗೆ. ಹೊಸದಾಗಿ ಯಾರಾದರೂ ಬಂದರೆ ಆಕೆ ಅವರ ಕೊರಳಿಗೆ ಬಿದ್ದು ಒಮ್ಮೆ ಅಳುವಳು, ಆಮೇಲೆ ಗೋಡೆಗೆ ಆತು ಕೂಡುವಳು. ನಾನು ಬಗಲಲ್ಲಿ ಕೂತೆ. ಆಕೆಯ ಕೈ ಹಿಡಿದುಕೊಂಡೆ.

ಹೊತ್ತು ಸರಿಯಿತು. ನೆರಳು ಹೊಸ್ತಿಲಿಗೆ ಬಂತು, ಹೊಸ್ತಿಲು ದಾಟಿತು. ಒಂದು ಮಗು ಹಸಿವು ಅಂತ ಅದರ ತಾಯಿಯ ಸೆರಗು ಎಳೆಯಿತು, ಅದರ ತಾಯಿ ಅದನ್ನು ಸುಮ್ಮನಿರಿಸಿದಳು. ವಿಜಯಪುರದ ಮುದುಕಿಯೊಬ್ಬಳು ಗುಳಿಗಿ ಚೀಲ ತೆಗೆದು ನೋಡಿ, ಊಟ ಆಗದೇ ಗುಳಿಗಿ ನುಂಗಬಾರದು ಅಂತ ತಿರುಗಿ ಒಳಗಿಟ್ಟಳು. ನನಗೆ ಹಿತ್ತಲಮನೆಯವರ ಮೇಲೆ ಭಾಳ ಸಿಟ್ಟು ಬಂತು. ಇಷ್ಟು ಮಂದಿಯನ್ನು ಉಪವಾಸ ಕೂಡಿಸುವುದೇ? ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಮಗ್ಗುಲಲ್ಲಿ ಕೂತಿದ್ದ ಮೂಲೆಮನೆಯವಳ ಕಿವಿಗೆ ಬಾಗಿ, ಆದರೆ ನಾಲ್ಕು ಮಂದಿಗೆ ಕೇಳುವ ದನಿಯಲ್ಲಿ, ಅಂದೆ:

“ಹೊತ್ತು ಎಲ್ಲಿಗೆ ಬಂತು. ಪಾಳಿ ಹಿಡದವರಿಗೆ ಖಬರ ಬ್ಯಾಡೇನು?”

ಆಕೆ ನನ್ನ ಮುಖವನ್ನೇ ನೋಡಿದಳು. ನಾನು ಚೇಷ್ಟೆ ಮಾಡುತ್ತಿದ್ದೇನೋ ಏನೋ ಅಂತ ನೋಡಿದಳು. ಸಾವಿನ ಮನೆಯಲ್ಲಿ ಚೇಷ್ಟೆ ಮಾಡುವಷ್ಟು ನಾನು ಕೆಟ್ಟಿಲ್ಲ ಅಂತ ತಿಳಿದ ಮೇಲೆ, ಮೆಲ್ಲಗೆ ಹೇಳಿದಳು.

“ಪಾಳಿ ನಿಮ್ಮದ ಐತಲ್ಲ ಕಾಕು. ರಾತ್ರಿ ಓಕೆ ಅಂದೀರಿ.”

ನೆಲ ಸೀಳಲಿಲ್ಲ. ಸೀಳಿದ್ದರೆ ಚಲೋ ಇತ್ತು. ಅದೇ ಹೊತ್ತಿಗೆ ಆ ಮನೆಯ ಸೊಸೆ ಒಂದು ಪರಾತದಲ್ಲಿ ಚುರುಮುರಿ ಹಾಕಿಕೊಂಡು, ಹೋಟೆಲಿನ ಚಹಾ ತರಿಸಿ, ಬಂದವರ ಮುಂದೆ ಇಟ್ಟಳು. ಮಣ್ಣು ಕೊಟ್ಟು ಬಂದ ಮನೆಯಲ್ಲಿ ಬೀಗರಿಗೆ ಚುರುಮುರಿ. ವಿಜಯಪುರದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಗೆಳತಿಯ ಕಡೆ ತಿರುಗಿ, ನನಗ ಗೊತ್ತಿರಲಿಲ್ಲ ಅಂದೆ. ಆಕೆ ತನ್ನ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಸೆರಗು ಸರಿಮಾಡಿಕೊಂಡಳು. “ಇರಲಿ ಬಿಡ್ರಿ” ಅಂದಳು. ಓಣಿಗೆ ಬಂದಾಗಿನಿಂದ ಆಕೆ ನನಗೆ ರೀ ಹಚ್ಚಿದ್ದು ಅದೇ ಮೊದಲು. ಸಾವಿನ ಮನೆಯಲ್ಲಿ ಅದಕ್ಕಿಂತ ಹೆಚ್ಚು ವಾದ ಮಾಡಲಿಕ್ಕೆ ಬರುವುದಿಲ್ಲ. ನಾನು ಎದ್ದು ಬಂದೆ.

ಮನೆಯಲ್ಲಿ ಮೊಮ್ಮಗಳು ಅದೇ ಹೊರಸು, ಅದೇ ಬೋರಲು. ಸಾಲಿಗೆ ಸೂಟಿ ಇತ್ತು. ನಾನು ಹೊಸ್ತಿಲಲ್ಲೇ ಶುರು ಮಾಡಿದೆ. ನೀನು ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಆಕೆ, ಓಕೆ ಹಾಕೀನಲ್ಲ ಅಂದಳು. ಓಕೆ ಹಾಕಿದ್ದು ಅವರಿಗೆ, ನನಗೆ ಯಾರು ಹೇಳಬೇಕು ಅಂದೆ. ಅವ್ವನಿಗೆ ಫಾರ್ವರ್ಡ್ ಮಾಡೀನಿ ಅಂದಳು. ಅವ್ವ ಎಲ್ಲಿದ್ದಳು? ಅಡಿಗೆಮನೆಯಲ್ಲಿ, ಪಾತ್ರೆ ತೊಳೆಯುತ್ತಿದ್ದಳು. ನಾನು ಸೊಸೆಯನ್ನು ಕರೆದೆ. ಆಕೆ ಕೈ ಒರೆಸಿಕೊಂಡು ಫೋನು ತೆಗೆದು ನೋಡಿದಳು. ಮಗಳಿಂದ ಬಂದದ್ದು ತೆರೆಯದೇ ಬಿದ್ದಿತ್ತು; ಮಗಳು ದಿನಾ ಇಪ್ಪತ್ತು ಸಲ ಏನೇನೋ ಚಿತ್ರ ಕಳಿಸುತ್ತಾಳೆ, ಅದೂ ಅಂಥದ್ದೇ ಅಂತ ಬಿಟ್ಟಿದ್ದಳು. ಎರಡು ಹೆಣ್ಣು ಜೀವ, ಒಂದೇ ಮಾಡಿನ ಕೆಳಗೆ, ಒಬ್ಬಳು ಹೇಳಿದೆ ಅಂದುಕೊಂಡಳು, ಒಬ್ಬಳಿಗೆ ಹೇಳಿದ್ದೇ ಗೊತ್ತಿಲ್ಲ. ನಡುವೆ ಒಂದು ಮನೆ ತುಂಬ ಮಂದಿ ಚುರುಮುರಿ ತಿಂದರು.

ನನ್ನ ದನಿ ಏರಿರಬೇಕು. ಸೊಸೆಯ ಕೈಯಲ್ಲಿದ್ದ ಫೋನು ಟಿಂಗ್ ಅಂತು. ನೋಡಿದರೆ ಅಂಗಡಿಯಲ್ಲಿ ಕೂತಿದ್ದ ನನ್ನ ಮಗ ಮನೆಯ ಗ್ರೂಪಿನಲ್ಲಿ ಕೇಳಿದ್ದ: ಅವ್ವ ಯಾಕೆ ಒದರುತ್ತಿದ್ದಾಳೆ? ಗೋಡೆಯ ಆಚೆಯಿಂದ. ನಾನು ಹೋಗಿ ಅಂಗಡಿಯ ಬಾಗಿಲಲ್ಲಿ ನಿಂತೆ. ಗಿರಾಕಿ ಇಬ್ಬರು ಇದ್ದರು. ಆದರೂ ಅವನಿಗೆ ಯಾಕೆ ಅಂತ ಬಾಯಿಂದಲೇ ಹೇಳಿದೆ, ಪೂರ್ತಿ ಹೇಳಿದೆ. ಗಿರಾಕಿಗಳು ಹಗ್ಗ ಬಿಟ್ಟು ಹೋದರು.

ನಾವು ಅವಸರದಲ್ಲಿ ಹಿಟ್ಟು ನಾದಲು ಕೂತೆವು. ಅಷ್ಟರಲ್ಲಿ ಮೂಲೆಮನೆಯವಳು ತನ್ನ ಮನೆಯಿಂದ ಅನ್ನ ಸಾರು ಮಾಡಿ ಒಯ್ದು, ರಾತ್ರಿಯದೂ ತನ್ನದೇ ಅಂತ ಹೇಳಿ ಬಂದಾಗಿತ್ತು. ಇನ್ನು ಒಯ್ದರೆ ಲೋಕಕ್ಕೆ ತೋರಿಸಲಿಕ್ಕೆ ಒಯ್ದ ಹಾಗೆ. ಮಾಡಿದ ರೊಟ್ಟಿಯನ್ನು ನಾವೇ ಉಣ್ಣಬೇಕಾಯಿತು.

ಆಗ ಮೊಮ್ಮಗಳು ನನ್ನ ಮಗ್ಗುಲಿಗೆ ಬಂದು ಕೂತಳು. ಮುಖ ಸಣ್ಣದಾಗಿತ್ತು, ಕೆಟ್ಟ ಹುಡುಗಿಯಲ್ಲ. ಚಿಂತಿ ಮಾಡಬ್ಯಾಡ ಆಯಿ, ಸಾರಿ ಅಂತ ಹಾಕೀನಿ ಅಂದಳು. ಯಾರಿಗೆ ಅಂದರೆ, ಆ ಮನೆಯ ಸೊಸೆಗೆ. ತೋರಿಸಿದಳು: ಅಳುವ ಮುಖಗಳು ಒಂದು ಸಾಲು, ಸಾರಿ ಆಂಟಿ, ಮತ್ತೆ ಅಳುವ ಮುಖಗಳು. ಅದಕ್ಕೆ ಅವಳಿಂದ ಉತ್ತರವೂ ಬಂದಿತ್ತು, ಇಟ್ಸ್ ಓಕೆ ಅಂತ. ಅಲ್ಲಿಗೆ ಮುಗಿಯಿತಲ್ಲ ಅನ್ನುವ ಹಾಗೆ ನನ್ನ ಮುಖ ನೋಡಿದಳು.

ನಾನು ಕೇಳಿದೆ, ಇಟ್ಸ್ ಓಕೆ ಅನ್ನುವಾಗ ಅವಳ ಮುಖ ಹೇಗಿತ್ತು?

“ಅದು ಹ್ಯಾಂಗ ಕಾಣತೈತಿ ಆಯಿ?”

“ಕಾಣೂದಿಲ್ಲ. ಅದಕ್ಕ ನಾಳೆ ನೀ ಹೋಗಿ ನೋಡಬೇಕು. ಬುತ್ತಿ ನೀ ಹೊರಬೇಕು, ಮಾತು ನೀ ಆಡಬೇಕು.”

ನೀನು ಹೇಳು ಆಯಿ, ಅವ್ವ ಹೇಳಲಿ, ಅಪ್ಪ ಫೋನು ಮಾಡಲಿ ಅಂತ ಒಬ್ಬೊಬ್ಬರನ್ನೇ ಮುಂದೆ ಮಾಡಿದಳು. ನನಗೆ ಆಶ್ಚರ್ಯ ಅನ್ನಿಸಿದ್ದು ಅದು. ದಿನವಿಡೀ ಯಾರ ಯಾರ ಜೊತೆಗೋ ನಗುವವಳು, ಜಗಳಾಡುವವಳು, ಕೋಪ ಮಾಡಿಕೊಂಡು ರಾಜಿಯಾಗುವವಳು, ಒಬ್ಬ ಮುದುಕಿಯ ಎದುರು ಒಂದು ಮಾತು ಆಡಬೇಕು ಅಂದ ಕೂಡಲೇ ಹಿಂದೆ ಸರಿದಳು. ಎದುರು ನಿಂತವರ ಮುಂದೆ ಬರೆದು ಅಳಿಸಲು ಆಗುವುದಿಲ್ಲವಲ್ಲ.

ಮೂರನೆಯ ದಿನ ಹಿತ್ತಲಮನೆಯವರೂ ತಮ್ಮ ಬದಲಾದ ಪಾಳಿಯ ಬುತ್ತಿ ತಂದರು, ನಾವೂ ಒಯ್ದೆವು. ಹಿಂದಿನ ದಿನ ಹೊತ್ತಿಗೆ ಸರಿಯಾಗಿ ಒಂದು ಮನೆಯದೂ ಇಲ್ಲ, ಇವತ್ತು ಎರಡು ಮನೆಯದು. ಮೊಮ್ಮಗಳನ್ನು ಬೆಳಿಗ್ಗೆಯೇ ಎಬ್ಬಿಸಿ ಒಲೆಯ ಮುಂದೆ ಕೂಡಿಸಿದ್ದೆ. ಆಕೆ ಬಡಿದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಹರಿಯಿತು, ಅದನ್ನು ದನಕ್ಕೆ ಹಾಕಿ ಸೊಸೆಯೇ ಎಲ್ಲ ಮಾಡಿದಳು. ತಲೆ ಬಗ್ಗಿಸಿ ಮಾಡಿದಳು. ಆಕೆಯ ಫೋನು ಕಪಾಟಿನ ಮೇಲೆ ಗುರುಗುಟ್ಟುತ್ತಿತ್ತು, ತಿರುಗಿ ನೋಡಲಿಲ್ಲ. ಹೊರಡುವಾಗ ಮೊಮ್ಮಗಳು ನನ್ನ ಫೋನನ್ನು ಲಂಗದ ಕಿಸೆಗೆ ಹಾಕಿಕೊಳ್ಳುವುದು ಕಾಣಿಸಿತು. ಯಾಕೆ ಅಂದರೆ, ಹೇಳಬೇಕಾದ ಮಾತನ್ನು ಅದರಲ್ಲಿ ಬರೆದಿಟ್ಟುಕೊಂಡಿದ್ದಾಳಂತೆ, ಮರೆತರೆ ನೋಡಬೇಕಂತೆ. ನಾನು ಕಿತ್ತು ಹೊರಸಿನ ಮೇಲೆ ಒಗೆದೆ.

ಗೆಳತಿ ಅದೇ ಗೋಡೆಗೆ ಆತು ಕೂತಿದ್ದಳು. ಹೆಂಗಸರು ತುಂಬಿದ್ದರು. ಮೊಮ್ಮಗಳು ತಲೆಯ ಮೇಲಿನ ಬುಟ್ಟಿ ಇಳಿಸಿ, ಎರಡು ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತುಬಿಟ್ಟಳು. ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಎಲ್ಲರೂ ನೋಡಿದರು. ನಾನು ಹಿಂದೆ ಸುಮ್ಮನೆ ನಿಂತೆ. ನಾನು ಹೇಳಿಕೊಟ್ಟರೆ ಅದು ನನ್ನ ಮಾತಾಗುತ್ತದೆ.

ಕಡೆಗೆ ಅಂದಳು.

“ನಿನ್ನೆ ನಿಮ್ಮನ್ನ ಉಪವಾಸ ಕೆಡವಿದಾಕಿ ನಾನ್ರಿ. ಮೆಸೇಜ್ ನಾ ಓದಿದ್ದೆ. ಆಯಿಗೆ ಹೇಳಲಿಲ್ಲ.”

ಗೆಳತಿ ಆಕೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಗೆಳತಿಯ ಕಣ್ಣುಗಳು ಅತ್ತು ಅತ್ತು ಕೆಂಪಾಗಿದ್ದವು, ಅವುಗಳಲ್ಲಿ ಸಿಟ್ಟಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ.

“ಮಳ್ಳಿ, ಹೊಸ್ತಿಲಾಗ ನಿಂತ್ರ ಸಾರು ಆರತೈತಿ. ಒಳಗ ಇಡು.”

ಅಷ್ಟೇ. ಕ್ಷಮಿಸಿದೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ನನ್ನ ಕಡೆ ನೋಡಲಿಲ್ಲ. ನಾವು ಬಡಿಸಿದೆವು. ನಾನು ಮೂಲೆಯಲ್ಲಿ ಕೂತು ಆಕೆಯ ತಾಟನ್ನೇ ನೋಡುತ್ತಿದ್ದೆ. ಆಕೆ ರೊಟ್ಟಿ ಮುಟ್ಟಲಿಲ್ಲ. ಎರಡು ತುತ್ತು ಅನ್ನ ಉಂಡಳು. ಆದರೆ ಆ ಗದ್ದಲದಲ್ಲಿ ಯಾರೋ ಪುಣ್ಯಾತ್ಮಳು ಎರಡೂ ಮನೆಯ ಅನ್ನವನ್ನು ಒಂದೇ ಬೋಗುಣಿಗೆ ಸುರಿದುಬಿಟ್ಟಿದ್ದಳು. ಉಂಡ ಅನ್ನ ನಮ್ಮದೋ ಹಿತ್ತಲಮನೆಯವರದೋ ಹೇಗೆ ಹೇಳುವುದು? ಅಕ್ಕಿ ಎರಡೂ ಒಂದೇ ಅಂಗಡಿಯದು.

ಆಮೇಲೆಯೂ ನಾನು ದಿನಾ ಹೋಗಿ ಕೂತು ಬಂದೆ. ಬರ್ರಿ ಅನ್ನುವಳು, ಕುಂದ್ರಿ ಅನ್ನುವಳು. ಮರ್ಯಾದೆಗೆ ಏನೂ ಕಡಿಮೆ ಇರಲಿಲ್ಲ, ಅದೇ ಸಂಕಟ. ಮನೆಗೆ ಬಂದು ಹೇಳಿಕೊಂಡರೆ ಇವರಿಗೆ ತಿಳಿಯುವುದಿಲ್ಲ. ಆ ಆಂಟಿ ಇಟ್ಸ್ ಓಕೆ ಅಂದಾರಲ್ಲ ಅಂತ ಮೊಮ್ಮಗಳು. ಒಂದು ಬುಟ್ಟಿ ದಾಳಿಂಬೆ ಕಳಿಸಿ ಮುಗಿಸೋಣವೇ ಅಂತ ಮಗ, ಬೆಲೆಯ ಮಾತು ಮಾಡುವವರ ಹಾಗೆ. ನಾನು ಹಟ ಹಿಡಿದು ಒಂದು ಕಾಯ್ದೆ ಮಾಡಿದೆ: ಊಟದ ಹೊತ್ತಿಗೆ ಎಲ್ಲರ ಫೋನೂ ಮೊರದಲ್ಲಿ ಇಡಬೇಕು, ಹೇಳುವುದನ್ನು ಬಾಯಿಂದ ಹೇಳಬೇಕು. ಮೊದಲ ದಿನ ಎಲ್ಲರೂ ಮೊರವನ್ನೇ ನೋಡುತ್ತ ಉಂಡರು, ಶಿವರಾತ್ರಿಯ ಜಾಗರಣೆಗೆ ಕೂತವರ ಹಾಗೆ. ಮರುದಿನ ಮಗನಿಗೆ ಗಿರಾಕಿಯ ಮೆಸೇಜು ಅಂತ ಅವನದು ಎದ್ದಿತು. ಅದರ ಮರುದಿನ ಸೊಸೆಯ ತವರಿನದು. ಅದಾದ ಮೇಲೆ ಒಂದು ದಿನ ಸೋಲಾಪುರದ ನನ್ನ ತಂಗಿ ಮುಖ ತೋರಿಸಲಿಕ್ಕೆ ಕರೆದಳು, ನಾನೇ ಎಂಜಲುಗೈಯಲ್ಲಿ ಓಡಿದೆ. ಮೊಮ್ಮಗಳು ನಕ್ಕದ್ದು ನನಗೆ ಕೇಳಿಸಿತು. ಮೊರ ತಿರುಗಿ ಬೇಳೆಗೆ ಹೋಯಿತು.

ಮೊಮ್ಮಗಳು ಅಷ್ಟರಲ್ಲಿ ಬದಲಾದಳು ಅಂತ ಹೇಳಿದರೆ ಸುಳ್ಳಾಗುತ್ತದೆ. ಕರೆದರೆ ಇವತ್ತಿಗೂ ಹೂಂ ಅನ್ನುತ್ತಾಳೆ, ಮೂರನೆಯ ಹೂಂ ತನಕ ಏಳುವುದಿಲ್ಲ. ನನಗೆ ಬಂದದ್ದನ್ನು ಮಾತ್ರ ಈಗ ಓದಿ ಹೇಳುತ್ತಾಳೆ, ಎಲ್ಲವನ್ನೂ, ಬೇಡವಾದದ್ದನ್ನೂ. ಸೀರೆಯ ಸೇಲು, ಮಳೆಯ ಅಂದಾಜು, ಯಾರದೋ ಮಗು ನಾಲ್ಕನೇ ಇಯತ್ತೆ ಪಾಸಾದದ್ದು. ಸಾಕು ಮಾಡವ್ವ ಅಂದರೆ, ನೀನ ಹೇಳಂದಿ ಅನ್ನುತ್ತಾಳೆ.

ಎದುರುಮನೆಯಲ್ಲಿ ಕಾರ್ಯ ಎಲ್ಲ ಮುಗಿದು ಬೀಗರು ಊರಿಗೆ ಹೋದ ಮೇಲೆ, ಒಂದು ಆದಿತ್ಯವಾರ ಮಧ್ಯಾಹ್ನ ಗೆಳತಿ ಓಣಿ ದಾಟಿ ನಮ್ಮ ಮನೆಗೆ ಬಂದಳು. ನಾವು ಊಟಕ್ಕೆ ಕೂಡುವುದರಲ್ಲಿದ್ದೆವು. ಆಕೆ ನನ್ನನ್ನು ನೋಡದೇ ಸೀದಾ ಮೊಮ್ಮಗಳ ಹೊರಸಿಗೆ ಹೋಗಿ ಕೂತು, ಸೆರಗಿನ ಗಂಟು ಬಿಚ್ಚಿ ಗಂಡನ ಫೋನು ತೆಗೆದಳು. ದಿನಾ ಬೆಳಿಗ್ಗೆ ಇದು ಟಿಂಗ್ ಅನ್ನುತ್ತದೆ, ಯಾರು ಕರೆಯುತ್ತಾರೋ ಏನೋ, ಓದಿ ಹೇಳು ಅಂದಳು. ಆಕೆಯ ಮಗ ನೋಡುತ್ತೇನೆ ನೋಡುತ್ತೇನೆ ಅಂದು ನೋಡಿರಲಿಲ್ಲವಂತೆ.

ಮೊಮ್ಮಗಳು ಓದಿದಳು. ಶುಭ ಮುಂಜಾನೆಗಳು ಇದ್ದವು, ಗುಲಾಬಿ ಹೂವು, ಸೂರ್ಯ. ನಡುವೆ ಮಾಡಗ್ಯಾಳದ ಒಬ್ಬ ಕುರಿಯವನದು ಒಂದು ಇತ್ತು: ಟಗರು ಬೇರೆ ಕಟ್ಟಿ ಇಟ್ಟೀನಿ ಅಣ್ಣಾ, ನೋಡಾಕ ಯಾವಾಗ ಬರತಿ? ಅದನ್ನು ಅವನು ಒಂದಲ್ಲ, ಮತ್ತೆ ಮತ್ತೆ ಕೇಳಿದ್ದ. ಸುದ್ದಿ ಅವನಿಗೆ ಮುಟ್ಟಿರಲಿಲ್ಲ.

ಮೊಮ್ಮಗಳು ಉತ್ತರ ಬರೆಯಲು ಬೆರಳು ಇಟ್ಟಳು. ಗೆಳತಿ ಆ ಬೆರಳನ್ನು ಹಿಡಿದಳು.

“ಬಾಯ್ಲೆ ಹೇಳವ್ವ. ಅಂವ ಭಾಳ ದಿನದ ಮನಷ್ಯಾ.”

ಮೊಮ್ಮಗಳು ಫೋನು ಹಚ್ಚಿದಳು. ಆ ಕಡೆಯವನು ಅಜ್ಜನ ನಂಬರು ನೋಡಿ, ಅಣ್ಣಾ ಅಂತ ಜೋರಾಗಿ ಕರೆದದ್ದು ನಮಗೆಲ್ಲ ಕೇಳಿಸಿತು. ಮೊಮ್ಮಗಳು ತಾನು ಯಾರು ಅಂತ ಹೇಳಿದಳು, ಕುಂತೀರೇನ್ರಿ ಕಾಕಾ, ಒಂದೀಟು ಕುಂದ್ರಿ ಅಂದಳು, ಆಮೇಲೆ ಅಜ್ಜ ಹೋದದ್ದು ಹೇಳಿದಳು. ಆಕೆ ಫೋನನ್ನು ಗೆಳತಿಯ ಕಿವಿಗೆ ಹಿಡಿದಳು.

ಅವರು ಭಾಳ ಹೊತ್ತು ಮಾತಾಡಿದರು. ಮಾತು ಮುಗಿದ ಮೇಲೆ ಸೊಸೆ ಒಂದು ತಾಟು ಹೆಚ್ಚಿಗೆ ಇಟ್ಟಳು. ಗೆಳತಿ ಅಲ್ಲಿಯೇ ನಮ್ಮ ಪಡಸಾಲೆಯಲ್ಲಿ ಕೂತು, ಒಂದು ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಸ್ವಲ್ಪ ಮಜ್ಜಿಗೆ ಅನ್ನ ಉಂಡು ಮನೆಗೆ ಹೋದಳು.